ಗೆಲ್ಲುವುದು ಯಾವಾಗಲೂ ಜಗಳಗಂಟ ಹಕ್ಕಿಯೇನಾ?

ಮಾನ್ಯ ಸಂಪಾದಕರೇ,

ಪ್ರಾಣಿಗಳ ಬಗ್ಗೆ ಬರುವ ಬರಹಗಳಲ್ಲಿ ‘ಬಲ ಇದ್ದದ್ದು ಗೆಲ್ಲುತ್ತದೆ’ ಅನ್ನುವ ಮಾತು ಪದೇ ಪದೇ ಕಾಣುತ್ತದೆ. ಇದು ಅರ್ಧ ಮಾತು. ಸ್ವಭಾವದ ಬಗ್ಗೆ ಯಾಕೆ ಯಾರೂ ಬರೆಯುವುದಿಲ್ಲ? ಒಂದೇ ಗೂಡಿನ ಎರಡು ಮರಿಗಳಲ್ಲಿ ಒಂದು ಹೊಸ ವಸ್ತು ಕಂಡ ಕೂಡಲೇ ನುಗ್ಗಬಹುದು, ಇನ್ನೊಂದು ದೂರದಲ್ಲೇ ಕೂತು ನೋಡಬಹುದು. ಈ ಗುಣ ಒಂದು ದಿನದ್ದಲ್ಲ, ಸ್ವಲ್ಪ ಮಟ್ಟಿಗೆ ಅಪ್ಪ ಅಮ್ಮನಿಂದಲೂ ಬರುತ್ತದೆ.

ಅಮೆರಿಕದ ಮೊಂಟಾನಾ ರಾಜ್ಯದ ಬ್ಲೂಬರ್ಡ್ ಎಂಬ ನೀಲಿ ಹಕ್ಕಿಗಳ ಕಥೆ ನನಗೆ ತುಂಬಾ ಇಷ್ಟ. ಅಲ್ಲಿ ಜನ ಹಕ್ಕಿಗಳಿಗೆ ಗೂಡುಪೆಟ್ಟಿಗೆ ಇಟ್ಟರು, ಮೌಂಟನ್ ಬ್ಲೂಬರ್ಡ್‌ಗಳು ಅದರಲ್ಲಿ ನೆಮ್ಮದಿಯಾಗಿದ್ದವು, ಆಮೇಲೆ ಇನ್ನೊಂದು ಜಾತಿಯ ವೆಸ್ಟರ್ನ್ ಬ್ಲೂಬರ್ಡ್‌ಗಳು ಬಂದವು. ಹೊಸ ಜಾಗಕ್ಕೆ ಮೊದಲು ಬಂದ ಗಂಡುಗಳಲ್ಲಿ ಜಗಳಗಂಟರೇ ಜಾಸ್ತಿ, ಅವು ಹಳಬರನ್ನು ಓಡಿಸಿ ಪೆಟ್ಟಿಗೆ ಹಿಡಿದವು. ಆದರೆ ಇಂಥ ಗಂಡುಗಳು ಮರಿಗಳ ಆರೈಕೆಯಲ್ಲಿ ಹಿಂದೆ. ಎದುರಾಳಿ ಇಲ್ಲವಾದ ಮೇಲೆ ಜಗಳದಿಂದ ಲಾಭವೇನು ಹೇಳಿ? ಕೆಲವೇ ತಲೆಮಾರುಗಳಲ್ಲಿ ಅಲ್ಲಿನ ಹಕ್ಕಿಗಳ ಸಿಟ್ಟು ಇಳಿಯಿತು. ಸಂಶೋಧಕರಾದ ರೆನೀ ಡಕ್‌ವರ್ತ್ ಮತ್ತು ಅಲೆಕ್ಸಾಂಡರ್ ಬದ್ಯಾಯೆವ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಗೆದ್ದ ಗುಣವೇ ಮುಂದೆ ಹೊರೆಯಾಯಿತು, ಅಲ್ವಾ?

ಯುರೋಪಿನ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯಲ್ಲೂ ಹೀಗೇ. ಧೈರ್ಯದವು ಒಂದು ಗುಂಪಿನಿಂದ ಇನ್ನೊಂದಕ್ಕೆ ಓಡಾಡುತ್ತವೆ, ಯಾರ ಜೊತೆಗೂ ಗಟ್ಟಿ ಒಡನಾಟವಿಲ್ಲ. ನಾಚಿಕೆಯವು ಕೆಲವೇ ಜೊತೆಗಾರರನ್ನು ಹಿಡಿದುಕೊಂಡಿರುತ್ತವೆ. ಯಾವುದು ಬದುಕುತ್ತದೆ ಎಂಬುದು ವರ್ಷ ವರ್ಷಕ್ಕೂ ಬದಲಾಗುತ್ತದೆ: ಇವಕ್ಕೆ ಆಹಾರ ಕೊಡುವ ಬೀಚ್ ಎಂಬ ಮರ ಚೆನ್ನಾಗಿ ಕಾಯಿ ಬಿಟ್ಟ ವರ್ಷ ಒಂದು ಗುಣದವಕ್ಕೆ ಅನುಕೂಲ, ಕಾಯಿ ಕಡಿಮೆಯಾದ ವರ್ಷ ಇನ್ನೊಂದಕ್ಕೆ, ಅದರಲ್ಲೂ ಗಂಡಿಗೂ ಹೆಣ್ಣಿಗೂ ಲೆಕ್ಕ ಉಲ್ಟಾ.

ಇನ್ನೊಂದು ಮಾತು ಹೇಳಲೇಬೇಕು. ಅಧ್ಯಯನಕ್ಕೆಂದು ಇಡುವ ಬೋನಿಗೆ ಎಷ್ಟೋ ಸಲ ಮೊದಲು ಬೀಳುವುದು ಧೈರ್ಯದ ಪ್ರಾಣಿ, ನಾಚಿಕೆಯದು ಹತ್ತಿರವೇ ಸುಳಿಯುವುದಿಲ್ಲ. ಒಂದು ಪ್ರಾಣಿ ‘ಹೀಗೆ’ ಎಂದು ಬರೆಯುವಾಗ ಅದು ಬೋನಿಗೆ ಬಿದ್ದವುಗಳ ಮಾತೋ, ಎಲ್ಲವುಗಳ ಮಾತೋ ಎಂದು ನಿಮ್ಮ ವಿಜ್ಞಾನ ಬರಹಗಾರರು ಒಂದು ಸಾಲು ಸೇರಿಸಿದರೂ ಸಾಕು.

ಇಂತಿ,
ನಿಮ್ಮ ಓದುಗ