ಒಂದು ಸೈಟು, ಮೂರು ಪಾಲು, ಹಿಂದೆ ರಾಜಕಾಲುವೆ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ನಮ್ಮ ಎಮ್ಮೆಲ್ಲೆ ಸಾಹೇಬ್ರಿಗೆ ನಮಸ್ಕಾರ,

ನಮ್ಮಪ್ಪ ಬಿಟ್ಟೋಗಿದ್ದು ಬೆಂಗಳೂರಲ್ಲಿ ಒಂದೇ ಒಂದು 40×60 ಸೈಟು, ಅದರಲ್ಲೊಂದು ಶೀಟಿನ ಮನೆ. ಅಪ್ಪ ಅಮ್ಮ ಇಬ್ರೂ ಈಗಿಲ್ಲ, ವಿಲ್ ಬರೆದಿರ್ಲಿಲ್ಲ, ಹಾಗಾಗಿ ಅಕ್ಕ, ಅಣ್ಣ, ನಾನು ಮೂವರಿಗೂ ಸಮಪಾಲು, ಅದರಲ್ಲಿ ನಮಗೆ ತಕರಾರೇ ಇಲ್ಲ. ತಕರಾರಿರೋದು ಗೆರೆ ಎಲ್ಲಿ ಎಳೀಬೇಕು ಅನ್ನೋದ್ರಲ್ಲಿ, ಅದಕ್ಕೇ 11 ವರ್ಷ ಕೋರ್ಟಿಗೆ ಅಲೆದ್ವಿ.

ರೋಡ್ ಕಡೆ ಇರೋದು 40 ಅಡಿ. ಉದ್ದುದ್ದ ಸೀಳಿದ್ರೆ ಒಬ್ಬೊಬ್ರಿಗೆ 13 ಅಡಿ ಚಿಲ್ರೆ ಅಗಲ ಬರುತ್ತೆ, ಸೆಟ್‌ಬ್ಯಾಕ್ (ಮನೆ ಸುತ್ತ ಖಾಲಿ ಬಿಡ್ಬೇಕಾದ ಜಾಗ) ಬಿಟ್ಮೇಲೆ ಅದರಲ್ಲೇನು ಮನೆ ಕಟ್ಟೋದು. ಅಡ್ಡಡ್ಡ ಹಂಚಿದ್ರೆ ಹಿಂದಿನೋರಿಗೆ ದಾರಿ ಇಲ್ಲ, ಜೊತೆಗೆ ಹಿಂದಿನ ಕಾಂಪೌಂಡಿಗೆ ಅಂಟ್ಕೊಂಡೇ ರಾಜಕಾಲುವೆ, ಅಂದ್ರೆ ಮಳೆನೀರು ಹರಿಯೋ ಕಾಲುವೆ ಇದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಇಂಥ ಮೂರನೇ ಹಂತದ (ಚಿಕ್ಕ) ಕಾಲುವೆಗೆ 25 ಮೀಟರ್ ಬಫರ್, ಅಂದ್ರೆ ಏನೂ ಕಟ್ಟದೆ ಬಿಡ್ಬೇಕಾದ ಜಾಗ ಅಂತು, ಆಗ ನಮ್ಮ ಇಡೀ ಸೈಟೇ ಹೋಯ್ತು ಅಂದ್ಕೊಂಡ್ವಿ. 2019ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು, ಮತ್ತೆ ಬೆಂಗಳೂರಿನ ಮಾಸ್ಟರ್ ಪ್ಲಾನ್ 2015ರ ಲೆಕ್ಕ ಬಂತು, ಕಾಲುವೆ ಮಧ್ಯದಿಂದ 15 ಮೀಟರ್, ಅಂದ್ರೆ ಸುಮಾರು 49 ಅಡಿ. ಕಾಲುವೆ ಮಧ್ಯದಿಂದ ನಮ್ಮ ಕಾಂಪೌಂಡಿಗೆ 5 ಅಡಿ. ಲೆಕ್ಕ ಹಾಕಿ ಸರ್, ಹೊಸದಾಗಿ ಕಟ್ಟೋಕೆ ಉಳಿಯೋದು ರೋಡ್ ಕಡೆ 16 ಅಡಿ ಮಾತ್ರ!

ಬಫರ್ ಬೇಡ ಅಂತ ನಾನು ಹೇಳ್ತಿಲ್ಲ. 2022ರ ಸೆಪ್ಟೆಂಬರ್ ಮಳೇಲಿ ಬೆಂಗಳೂರಿನ ಗತಿ ಏನಾಯ್ತು ಅಂತ ಎಲ್ರೂ ನೋಡಿದೀವಿ, ನೀರಿಗೆ ಜಾಗ ಬಿಡ್ಲೇಬೇಕು.

ಆದ್ರೆ ಕೋರ್ಟ್ ಕಮಿಷನರ್ (ಪಾಲು ಅಳೆಯೋಕೆ ಕೋರ್ಟ್ ಕಳಿಸಿದೋರು) ಬಂದಾಗ ಟೇಪ್ ಹಿಡಿದ್ರು, 3 ಅಡಿ ಓಣಿ ಬಿಟ್ರು, ಮಿಕ್ಕಿದ್ದನ್ನ ಮುಂದೆ, ಮಧ್ಯ, ಹಿಂದೆ ಅಂತ ಮೂರು ಸಮ ಮಾಡಿದ್ರು. ಅಮ್ಮ ಬಟ್ಟೆ ಒಗೀತಿದ್ದ ಕಲ್ಲಿನ ಮೇಲೆ ಕೆಂಪು ಪೇಂಟಲ್ಲಿ ಒಂದು ಗೆರೆ ಇನ್ನೂ ಹಾಗೇ ಇದೆ, ಅದರಿಂದಾಚೆ ಅಕ್ಕಂದು. ಚದರಡಿ ಸಮ, ಆದ್ರೆ ಮುಂದಿನ ಪಾಲಲ್ಲಿ ಮನೆ ಕಟ್ಬೋದು, ಅಕ್ಕನ ಪಾಲಲ್ಲಿ ಒಂದು ಗೋಡೆಗೂ ಪ್ಲಾನ್ ಸಿಗಲ್ಲ. ಇದು ಹೇಗೆ ಸಮಪಾಲು?

ಡಿಕ್ರಿ, ಅಂದ್ರೆ ಕೋರ್ಟ್ ತೀರ್ಪಿನ ಆದೇಶ ಹಿಡ್ಕೊಂಡು ಖಾತೆಗೆ ಹೋದ್ರೆ, 1961ರ ನಗರ ಯೋಜನಾ ಕಾಯ್ದೆ ಸೆಕ್ಷನ್ 17ರ ಪ್ರಕಾರ ಸಬ್‌ಡಿವಿಷನ್ ಅಪ್ರೂವಲ್ (ಸೈಟ್ ಭಾಗ ಮಾಡೋಕೆ ಒಪ್ಪಿಗೆ) ತನ್ನಿ ಅಂದ್ರು. ಅಲ್ಲಿಗೆ ಹೋದ್ರೆ 3 ಅಡಿ ಓಣಿನ ರೋಡ್ ಅಂತ ಒಪ್ಪಲ್ಲ ಅಂದ್ರು. ಮಾರಿ ದುಡ್ಡು ಹಂಚ್ಕೊಳೋಣ ಅಂದ್ರೆ 1893ರ ಪಾರ್ಟಿಷನ್ ಆಕ್ಟ್ ಪ್ರಕಾರ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲಿರೋರು ಕೋರ್ಟನ್ನ ಕೇಳ್ಬೇಕು, ನಮ್ಮಲ್ಲಿ ಒಬ್ಬೊಬ್ರದು ಮೂರನೇ ಒಂದು, ಇಬ್ರು ಸೇರಿದ್ರೆ ಆಗುತ್ತೆ, ಆದ್ರೆ ಸೇರೋ ಮನಸ್ಸು ಯಾವತ್ತೋ ಮುರಿದೋಗಿತ್ತು.

ನಾನು ಕೇಳೋದು ಒಂದೇ ಸರ್. ಸೈಟ್ ಪಾಲಿನ ಕೇಸಲ್ಲಿ ಗೆರೆ ಎಳೆಯೋಕೆ ಮುಂಚೇನೇ ಯೋಜನಾ ಪ್ರಾಧಿಕಾರದೋರು ಸ್ಥಳಕ್ಕೆ ಬಂದು, ಇಲ್ಲಿ ಬಫರ್ ಇಷ್ಟು, ದಾರಿ ಇಷ್ಟು, ಈ ಸೈಟ್ ಭಾಗ ಮಾಡೋಕೆ ಬರುತ್ತೋ ಇಲ್ವೋ ಅಂತ ಕೋರ್ಟಿಗೆ ರಿಪೋರ್ಟ್ ಕೊಡೋ ಹಾಗೆ ಸರ್ಕಾರದಿಂದ ನಿಯಮ ಮಾಡಿಸಿ, ಅಧಿವೇಶನದಲ್ಲಿ ಕೇಳಿ. ಆಗ ಒಳ್ಳೇ ಜಾಗ ತಗೊಂಡೋರು ಮಿಕ್ಕವರಿಗೆ ದುಡ್ಡು ಕೊಟ್ಟು ಸರಿದೂಗಿಸ್ಲಿ ಅಂತ ಜಡ್ಜ್ ಮೊದಲೇ ಹೇಳ್ಬೋದು.

ನಿಮ್ಮ ಮುಂದಿನ ಜನಸಂಪರ್ಕ ಸಭೆಗೆ ಡಿಕ್ರಿ ಕಾಪಿ, ಸ್ಕೆಚ್ ಎರಡೂ ತರ್ತೀನಿ. ಅಕ್ಕನೂ ಬರ್ತಾಳೆ, ಅವಳ ಮಾತೂ ಸ್ವಲ್ಪ ಕೇಳಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ