ಲಾರಿಗೆ ಮಳೆಗಾಲದ ತಡೆ ಇದೆ, ಕಾರಿಗೆ ಡಿಸೆಂಬರಿನ ನಿಯಮ ಯಾಕಿಲ್ಲ?

ಕೊಡಗು ಜಿಲ್ಲಾಧಿಕಾರಿಗಳಿಗೆ,

ಮಾನ್ಯರೇ,

ಮಳೆ ಜೋರಾದರೆ ಮರ, ಮರಳು ಹೊತ್ತ ಭಾರಿ ವಾಹನಗಳು ರಸ್ತೆಗಿಳಿಯಬಾರದು ಎಂದು ನಿಮ್ಮ ಕಚೇರಿಯಿಂದ ಆದೇಶ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜಾರಿದ್ದನ್ನು ಕಂಡ ನಮಗೆ ಅದರಲ್ಲಿ ತಕರಾರಿಲ್ಲ. ಗಾಡಿ ನಿಲ್ಲಿಸುತ್ತೇವೆ, ಸಾಲದ ಕಂತಿಗೆ ಬೇರೆ ದಾರಿ ನೋಡಿಕೊಳ್ಳುತ್ತೇವೆ. ನನ್ನ ಪ್ರಶ್ನೆ ಡಿಸೆಂಬರಿನದು.

ಕಾಫಿ ಕೊಯ್ಲು ಬಿರುಸಾಗುವುದೂ ಆಗಲೇ, ಪ್ರವಾಸಿಗರು ಮುಗಿಬೀಳುವುದೂ ಆಗಲೇ. ಜಿಲ್ಲೆಗೆ ರೈಲಿಲ್ಲ. ಕಾಫಿ ಕ್ಯೂರಿಂಗ್‌ಗೆ, ಅಂದರೆ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಡೆಗೆ ಹೋಗಬೇಕಾದರೂ, ತೋಟಕ್ಕೆ ಗೊಬ್ಬರ ಬರಬೇಕಾದರೂ ಲಾರಿಯೇ ಗತಿ. ಬಾಡಿಗೆ ಟ್ರಿಪ್ ಲೆಕ್ಕ, ಡೀಸೆಲ್ ನಮ್ಮ ಕೈಯಿಂದ. ರಜಾದಿನ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಮಡಿಕೇರಿ ಪೇಟೆ ಕಾರುಗಳ ಸಾಲಿನಿಂದ ಕಟ್ಟಿಕೊಂಡಿತೆಂದರೆ ನಷ್ಟ ಪೂರ್ತಿ ನಮ್ಮದೇ.

ಇಂಜಿನ್ ಆಫ್ ಮಾಡಿ ಕೂರಬಾರದೇ ಎಂದು ಕೇಳುವವರಿದ್ದಾರೆ, ಹೆಚ್ಚಾಗಿ ಕಾರಿನವರು. ಸಾಲು ಹತ್ತು ಹತ್ತು ಅಡಿ ಜರುಗುತ್ತಲೇ ಇರುತ್ತದೆ. ಲೋಡು ಗಾಡಿಯ ಬ್ರೇಕಿಗೆ ಗಾಳಿ ಬೇಕು, ಆ ಗಾಳಿ ತುಂಬುವುದು ಇಂಜಿನ್ನೇ. ಏರಿನಲ್ಲಿ ಪದೇ ಪದೇ ಬ್ರೇಕ್ ತುಳಿಯುತ್ತಾ ಇಂಜಿನ್ ಆರಿಸಿದರೆ ಏರ್ ಮೀಟರಿನ ಮುಳ್ಳು ಇಳಿಯುತ್ತಾ ಹೋಗುತ್ತದೆ. ಹಿಂದೆ ಮಕ್ಕಳು ಕೂತ ಕಾರಿರುವಾಗ ಯಾವ ಡ್ರೈವರ್ ಆ ಧೈರ್ಯ ಮಾಡುತ್ತಾನೆ? ಹಾಗಾಗಿ ನಿಂತಲ್ಲೇ ಗಂಟೆಗೆ ಎರಡು ಮೂರು ಲೀಟರ್ ಉರಿಯುತ್ತದೆ. ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಲಾರಿಗಳಿಗೆ ಯೂರಿಯಾ ದ್ರಾವಣ ಹಾಕುತ್ತೇವೆ, ಹೊಗೆಯಲ್ಲಿರುವ ವಿಷಾನಿಲ ನೈಟ್ರೋಜನ್ ಆಕ್ಸೈಡ್ ಕಳೆಯಲೆಂದು. ಅದು ಸರಿಯಾಗಿ ಕೆಲಸ ಮಾಡಲು ಹೊಗೆ ಸುಮಾರು 200 ಡಿಗ್ರಿಯಾದರೂ ಕಾದಿರಬೇಕು. ನಿಂತ ಗಾಡಿಯಲ್ಲಿ ಅಷ್ಟು ಶಾಖ ನಿಲ್ಲುವುದಿಲ್ಲ. ಹೊಗೆಯ ಮಸಿ ಹಿಡಿಯುವ ಫಿಲ್ಟರೂ ಕಟ್ಟಿಕೊಳ್ಳುತ್ತದೆ. ಶುದ್ಧ ಗಾಳಿ ಕುಡಿಯಲು ಬಂದವರು ಕಿಟಕಿ ಏರಿಸಿ ಕೂರುತ್ತಾರೆ. ರಸ್ತೆ ಬದಿಯ ಅಂಗಡಿಯವರಿಗೆ ಏರಿಸಲು ಕಿಟಕಿ ಎಲ್ಲಿದೆ?

ರಸ್ತೆ ಅಗಲ ಮಾಡಿ ಎಂದು ಕೇಳುತ್ತಿಲ್ಲ. ಗುಡ್ಡದ ಬುಡ ಕಡಿದರೆ ಏನಾಗುತ್ತದೆಂದು ಕೊಡಗಿನವರಿಗೆ ಹೇಳಿಕೊಡಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಯಾವ ಬಗೆಯ ವಾಹನವನ್ನಾದರೂ ನಿರ್ಬಂಧಿಸಲು ಅವಕಾಶ ಕೊಡುತ್ತದೆ, ಲಾರಿಯೊಂದನ್ನೇ ಅಲ್ಲ. ಉದ್ದ ರಜೆಯ ದಿನಗಳಲ್ಲಿ ಕಾರುಗಳನ್ನು ಪೇಟೆಯ ಹೊರಗೇ ನಿಲ್ಲಿಸಿ, ರಾಜಾಸೀಟು, ಅಬ್ಬಿ ಜಲಪಾತಕ್ಕೆ ಬಸ್ ಬಿಡಿ. ಬೆಳಗಿನ ಕೆಲವು ಗಂಟೆಗಳನ್ನು ಲೋಡು ಗಾಡಿಗಳಿಗೆ ಕೊಡಿ. ಅದೇ ಕಾಯ್ದೆಯ 117ನೇ ಸೆಕ್ಷನ್ ಅಡಿಯಲ್ಲಿ ಕುಶಾಲನಗರ ಮತ್ತು ಸಂಪಾಜೆ ಕಡೆ ಲಾರಿ ತಂಗಲು ಜಾಗ ಗುರುತಿಸಿ. ಶೌಚಾಲಯ, ನೀರು ಇದ್ದರೆ ಸಾಕು. ದಾರಿ ಕಟ್ಟಿದೆ ಎಂದು ಮೊದಲೇ ಗೊತ್ತಾದರೆ ಅಲ್ಲೇ ಇಂಜಿನ್ ಆರಿಸಿ ಮಲಗುತ್ತೇವೆ.

ಕ್ರಿಸ್‌ಮಸ್ ರಜೆಗೆ ಮೊದಲು ಇದಕ್ಕೊಂದು ಸಭೆ ಕರೆಯಿರಿ. ಹೋಂಸ್ಟೇಯವರ ಜೊತೆ ಡ್ರೈವರುಗಳನ್ನೂ ಕರೆಯಿರಿ.

ಇಂತಿ,
ಸುಂಟಿಕೊಪ್ಪದ ಒಬ್ಬ ಲಾರಿ ಮಾಲೀಕ