ತೂಕದ ಯಂತ್ರ: ತಪ್ಪು ಲೋಡ್‌ಸೆಲ್‌ನದೇ?

ಮಾನ್ಯ ಸಂಪಾದಕರೇ,

ಕಲಬುರಗಿಯ ದಾಲ್‌ಮಿಲ್‌ಗಳಲ್ಲಿ ತೊಗರಿ ಚೀಲ ತೂಗುವ ಯಂತ್ರ ಕಡಿಮೆ ಭಾರಕ್ಕೆ ಸರಿ ತೋರಿಸಿ, ಹೆಚ್ಚು ಭಾರಕ್ಕೆ ಏರದೆ ನಿಂತರೆ ಮೊದಲು ಲೋಡ್‌ಸೆಲ್ (ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬದಲಿಸುತ್ತಾರೆ. ದುಡ್ಡು ದಂಡವಾಗುವ ಮೊದಲು ಆ ಸಣ್ಣ ಸಂಕೇತವನ್ನು ಹಿಗ್ಗಿಸುವ ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫಯರ್‌ನ ಕಾಮನ್ ಮೋಡ್ ಮಿತಿ (ಎರಡೂ ಇನ್‌ಪುಟ್ ತಂತಿಗಳಲ್ಲಿ ಸಮಾನವಾಗಿರುವ ವೋಲ್ಟೇಜ್‌ನ ಮಿತಿ) ನೋಡಬೇಕು.

5 ವೋಲ್ಟ್ ಕೊಟ್ಟ, 2 ಮಿಲಿವೋಲ್ಟ್/ವೋಲ್ಟ್ ಸೆಲ್ ಪೂರ್ಣ ಭಾರಕ್ಕೆ 10 ಮಿಲಿವೋಲ್ಟ್ ಕೊಡುತ್ತದೆ. ಅದರ ಎರಡೂ ಸಿಗ್ನಲ್ ತಂತಿಗಳು ಸುಮಾರು 2.5 ವೋಲ್ಟ್‌ನಲ್ಲಿರುತ್ತವೆ. ಗೇನ್ (ಹಿಗ್ಗಿಸುವ ಪಟ್ಟು) 300 ಇಟ್ಟರೆ ಔಟ್‌ಪುಟ್ 3 ವೋಲ್ಟ್. 5 ವೋಲ್ಟ್ ಸಪ್ಲೈಗೆ ನಿರಾಳ ಅನಿಸುತ್ತದೆ. ಆದರೆ ಮೂರು ಆಪ್-ಆಂಪ್‌ಗಳ (ಮೂಲ ಆಂಪ್ಲಿಫಯರ್ ಘಟಕಗಳ) ಈ ಚಿಪ್‌ನಲ್ಲಿ ಮೊದಲ ಹಂತದ ಎರಡು ಔಟ್‌ಪುಟ್ ಬಿಂದುಗಳು 2.5ರಿಂದ 1.5 ಮೇಲೆ, 1.5 ಕೆಳಗೆ, ಅಂದರೆ 4 ಮತ್ತು 1 ವೋಲ್ಟ್‌ಗೆ ಹೋಗಬೇಕು. ಹಳೆ ಮಾದರಿಯ ಚಿಪ್‌ಗಳಿಗೆ ಸಪ್ಲೈನ ಎರಡೂ ಅಂಚಿನಿಂದ (0 ಮತ್ತು 5 ವೋಲ್ಟ್) ಒಂದು ವೋಲ್ಟ್‌ಗಿಂತ ಹೆಚ್ಚು ಅಂತರ ಬೇಕಾಗಬಹುದು. ಆಗ ಮೊದಲ ಹಂತ ಮಿತಿ ಮುಟ್ಟಿ ಒಳಗೇ ನಿಂತುಬಿಡುತ್ತದೆ; ಇದು ಹೊರಗಿನ ಮೀಟರ್‌ಗೆ ಕಾಣದು. ಅದೇ ದೊಡ್ಡ ಮೋಸ.

ಪರೀಕ್ಷೆ ಸುಲಭ: ಗೇನ್ ರೆಸಿಸ್ಟರ್ ಮೌಲ್ಯ ಹೆಚ್ಚಿಸಿ ಗೇನ್ 100ಕ್ಕೆ ಇಳಿಸಿ, ಅದೇ ತೂಕಗಳನ್ನು ಮತ್ತೆ ಇಡಿ. ಸರಳರೇಖೆಯಲ್ಲಿ ಏರಿದರೆ ಸೆಲ್‌ಗೆ ದೋಷವಿಲ್ಲ. ಉಳಿದ ಗೇನ್ ಮುಂದಿನ ಹಂತದಲ್ಲಿ ಪಡೆಯಿರಿ, ಇಲ್ಲವೇ ಚಿಪ್‌ಗೆ ±12 ವೋಲ್ಟ್ ಕೊಡಿ.

ಇದೇ ಆಂಪ್ಲಿಫಯರ್‌ಗೆ ಸೇರಿಸಿದ ಥರ್ಮೋಕಪಲ್ (ತಾಪ ಅಳೆಯುವ ಎರಡು ಲೋಹದ ತಂತಿಗಳ ಜೋಡಿ) ಗ್ರೌಂಡ್‌ಗೆ ಸೇರದೆ ತೇಲುತ್ತಿದ್ದರೆ ತೊಂದರೆ ಬೇರೆ. ಒಂದು ತಂತಿಯಿಂದ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಇಲ್ಲದಿದ್ದರೆ, ಬಯಾಸ್ ಕರೆಂಟ್‌ಗೆ (ಆಂಪ್ಲಿಫಯರ್ ಇನ್‌ಪುಟ್‌ನಲ್ಲಿ ಹರಿಯುವ ಅತಿ ಸಣ್ಣ ಕರೆಂಟ್) ದಾರಿಯಿಲ್ಲದೆ ಇನ್‌ಪುಟ್ ಅಂಚಿಗೆ ಜಾರುತ್ತದೆ. ಒಂಟಿ ಸಪ್ಲೈನಲ್ಲಿ ಈ ರೆಸಿಸ್ಟರ್ ಗ್ರೌಂಡ್‌ಗಲ್ಲ, ಮಧ್ಯದ ವೋಲ್ಟೇಜ್‌ಗೆ ಸೇರಬೇಕು.

ಈ ಭಾಗದ ಪಾಲಿಟೆಕ್ನಿಕ್ ಪ್ರಯೋಗಾಲಯಗಳಲ್ಲಿ ಈ ಲೆಕ್ಕವನ್ನೂ ಮಾಡಿಸಬೇಕೆಂದು ಕೋರುತ್ತೇವೆ.

— ಉಪಕರಣ ತಂತ್ರಜ್ಞರು, ಕಲಬುರಗಿ